ಹಳೆಯ ಸ್ಪೋರ್ಟ್ಸ್ ಕಾರು ಕೈಕೊಟ್ಟರೆ ತಪ್ಪು ಎಂಜಿನ್‌ನದ್ದೋ, ತಂತಿಯದ್ದೋ? ‘ಬ್ಯಾಟರಿ ವೈರ್ ಕಿತ್ತು ನೋಡಿ’ ಫಾರ್ವರ್ಡ್‌ನ ಹಿಂದಿನ ಸತ್ಯ

ನಲವತ್ತು ಸೆಕೆಂಡಿನ ವಿಡಿಯೋ. ಒಂದು ಹಳೆಯ ಕಾರಿನ ಎಂಜಿನ್ ಓಡುತ್ತಿದೆ. ಒಬ್ಬರು ಸ್ಪಾನರ್ ಹಿಡಿದು ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚುತ್ತಾರೆ. ಎಂಜಿನ್ ನಿಲ್ಲುವುದಿಲ್ಲ. ‘ನೋಡಿ, ಆಲ್ಟರ್ನೇಟರ್ ಚೆನ್ನಾಗಿದೆ ಅಂತ ಅರ್ಥ. ನಿಂತುಹೋದರೆ ಆಲ್ಟರ್ನೇಟರ್ ಸತ್ತಿದೆ. ಮೆಕ್ಯಾನಿಕ್‌ಗಳು ಇದನ್ನು ಹೇಳಿಕೊಡುವುದಿಲ್ಲ, ಎಲ್ಲರಿಗೂ ಶೇರ್ ಮಾಡಿ’ ಎಂಬ ಮಾತಿನೊಂದಿಗೆ ವಿಡಿಯೋ ಮುಗಿಯುತ್ತದೆ.

ಇದನ್ನು ನಮಗೆ ಕಳಿಸಿ ‘ನಿಜವೇ?’ ಎಂದು ಕೇಳಿದವರು ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿರುವ ಹಾಸನ ಜಿಲ್ಲೆಯ ಓದುಗರೊಬ್ಬರು. ಅವರ ಬಳಿ 1970ರ ಒಂದು ಎಂಜಿಬಿ ಇದೆ. ಎರಡು ಸೀಟಿನ, ಮೇಲ್ಛಾವಣಿ ತೆಗೆದು ಓಡಿಸಬಹುದಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಪ್ರಶ್ನೆ ಕೇಳುವಷ್ಟರಲ್ಲಿ ಅವರು ವಿಡಿಯೋದಲ್ಲಿ ಹೇಳಿದ್ದನ್ನು ಮಾಡಿಯೂ ಆಗಿತ್ತು. ಎಂಜಿನ್ ನಿಲ್ಲಲಿಲ್ಲವಂತೆ. ಆದರೆ ಮರುದಿನದಿಂದ ಡ್ಯಾಶ್‌ಬೋರ್ಡ್‌ನ ಕೆಂಪು ಚಾರ್ಜಿಂಗ್ ದೀಪ ಮಿಣಮಿಣ ಉರಿಯತೊಡಗಿದೆ.

ನೇರ ಉತ್ತರ ಮೊದಲು ಹೇಳಿಬಿಡುತ್ತೇವೆ. ಈ ಪರೀಕ್ಷೆ ಮಾಡಬೇಡಿ, ಈ ವಿಡಿಯೋ ಮುಂದಕ್ಕೆ ಕಳಿಸಬೇಡಿ. ಓಡುವ ಎಂಜಿನ್‌ಗೆ ಜೋಡಿಸಿದ ಬ್ಯಾಟರಿ ಕೆರೆಯಿದ್ದಂತೆ. ಆಲ್ಟರ್ನೇಟರ್‌ನಿಂದ ಬರುವ ವಿದ್ಯುತ್ತಿನ ಏರಿಳಿತವನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ಚಾರ್ಜ್ ಆಗುತ್ತಿರುವಾಗ ಅದನ್ನು ಇದ್ದಕ್ಕಿದ್ದಂತೆ ಕಿತ್ತರೆ ಆ ಕ್ಷಣದಲ್ಲಿ ಹರಿಯುತ್ತಿದ್ದ ಕರೆಂಟಿಗೆ ಹೋಗಲು ಜಾಗವಿರುವುದಿಲ್ಲ, ವೋಲ್ಟೇಜ್ ಒಮ್ಮೆಲೇ ನೆಗೆಯುತ್ತದೆ. 12 ವೋಲ್ಟ್‌ನ ಕಾರಿನಲ್ಲಿ ಅದು ಕ್ಷಣಕಾಲ ಹಲವು ಪಟ್ಟು ಏರಬಹುದು. ಆಲ್ಟರ್ನೇಟರ್ ಒಳಗಿನ ಡಯೋಡ್‌ಗಳೂ ರೆಗ್ಯುಲೇಟರ್ ಕೂಡ ಸುಡುವುದು ಹೀಗೆಯೇ. ನಮ್ಮ ಓದುಗರ ಆಲ್ಟರ್ನೇಟರನ್ನು ಆಮೇಲೆ ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್‌ಗೆ ಎರಡು ಡಯೋಡ್ ಸತ್ತಿರುವುದು ಕಂಡಿತು.

ಹಾಗಾದರೆ ಈ ಉಪಾಯ ಎಲ್ಲಿಂದ ಹುಟ್ಟಿತು? ಆಲ್ಟರ್ನೇಟರ್‌ಗೆ ಮೊದಲು ಕಾರುಗಳಲ್ಲಿ ಡೈನಮೋ ಇರುತ್ತಿತ್ತು, ಅದರಲ್ಲಿ ಡಯೋಡ್‌ಗಳಿರಲಿಲ್ಲ. ಆ ಕಾಲದ ಗ್ಯಾರೇಜುಗಳಲ್ಲಿ ಹೀಗೆ ತಂತಿ ಕಿತ್ತು ನೋಡುವ ರೂಢಿಯಿತ್ತು, ಆಗಲೂ ಅದು ಒಳ್ಳೆಯ ರೂಢಿಯಾಗಿರಲಿಲ್ಲ. ತಂತ್ರಜ್ಞಾನ ಬದಲಾಯಿತು, ಉಪಾಯ ಮಾತ್ರ ಉಳಿದು ವಾಟ್ಸಾಪ್ ಸೇರಿತು. ಆಲ್ಟರ್ನೇಟರ್ ಪರೀಕ್ಷೆಗೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್. ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಕಂಬಗಳ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ತೋರಿಸಿದರೆ ಚಾರ್ಜ್ ಆಗುತ್ತಿದೆ ಎಂದರ್ಥ. ಯಾವ ತಂತಿಯನ್ನೂ ಕೀಳಬೇಕಿಲ್ಲ.

ಆದರೆ ವಿಷಯ ಇಲ್ಲಿಗೆ ಮುಗಿಯಲಿಲ್ಲ. ಅಷ್ಟಕ್ಕೂ ಅವರು ಆಲ್ಟರ್ನೇಟರ್ ಮೇಲೆ ಅನುಮಾನ ಪಟ್ಟಿದ್ದೇಕೆ ಎಂದು ಕೇಳಿದೆವು. ಆಗ ಹೊರಬಂದ ಕತೆ ಹಳೆಯ ಕಾರಿಟ್ಟುಕೊಂಡ ಬಹುತೇಕರ ಕತೆ.

ಸೆಲ್ಫ್ ಹೊಡೆದರೆ ಎಂಜಿನ್ ಸೋಮಾರಿಯಂತೆ ತಿರುಗುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದರು. ರಾತ್ರಿ ಹೆಡ್‌ಲೈಟ್ ಮಂಕಾಗಿತ್ತು, ಹೊಸ ಬಲ್ಬು ತಂದರು. ವೇಗ ತಗ್ಗಿಸಿದಾಗ ಎಂಜಿನ್ ಕೆಮ್ಮುತ್ತಿತ್ತು. ‘ಕಾರ್ಬೊರೇಟರ್ ಕಸ’ ಎಂದು ಯಾರೋ ಹೇಳಿದರು, ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಯಿತು. ಕಾಯಿಲ್, ಪ್ಲಗ್, ಪ್ಲಗ್ಗಿನ ವೈರುಗಳು, ಎಲ್ಲ ಹೊಸದು. ತೊಂದರೆ ಮಾತ್ರ ಹಳೆಯದೇ. ಈ ನಡುವೆ ಇನ್ನೊಂದು ವಿಚಿತ್ರ: ಸೆಲ್ಫ್ ಹೊಡೆಯುವಾಗ ಚೋಕ್ ಎಳೆಯುವ ಕೇಬಲ್ ಮುಟ್ಟಿದರೆ ಬಿಸಿ!

ಈ ಕೊನೆಯ ಮಾತು ಕೇಳಿದಾಗ ನಮ್ಮ ಜೊತೆ ಮಾತಾಡುತ್ತಿದ್ದ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನಕ್ಕುಬಿಟ್ಟರು. ‘ಉಳಿದದ್ದೆಲ್ಲ ಬಿಡಿ, ಎಂಜಿನ್ನಿನ ಅರ್ಥಿಂಗ್ ಪಟ್ಟಿ ನೋಡೋಕೆ ಹೇಳಿ ಅವರಿಗೆ.’

ಲ್ಯೂಕಾಸ್ ಎಂಬ ‘ಕತ್ತಲೆಯ ರಾಜಕುಮಾರ’

ಬ್ರಿಟಿಷ್ ಹಳೆಯ ಕಾರುಗಳ ವಿದ್ಯುತ್ ತೊಂದರೆ ಎಂದರೆ ಮೊದಲು ಬರುವ ಹೆಸರು ಲ್ಯೂಕಾಸ್. ಬರ್ಮಿಂಗ್‌ಹ್ಯಾಮ್‌ನ ಜೋಸೆಫ್ ಲ್ಯೂಕಾಸ್ 19ನೇ ಶತಮಾನದಲ್ಲಿ ಸೀಮೆಎಣ್ಣೆ, ದೀಪ ಮಾರುತ್ತ ಶುರುಮಾಡಿದ ವ್ಯಾಪಾರ ಮುಂದೆ ಬ್ರಿಟಿಷ್ ಕಾರುಗಳಿಗೆಲ್ಲ ವಿದ್ಯುತ್ ಸಾಮಾನು ಒದಗಿಸುವ ದೊಡ್ಡ ಕಂಪನಿಯಾಯಿತು. ಕಾರಿನ ಅಭಿಮಾನಿಗಳು ಅವರಿಗಿಟ್ಟ ಅಡ್ಡಹೆಸರು ‘ಕತ್ತಲೆಯ ರಾಜಕುಮಾರ’. ಲ್ಯೂಕಾಸ್ ಹೆಡ್‌ಲೈಟ್ ಸ್ವಿಚ್ಚಿಗೆ ಮೂರು ಸ್ಥಾನ: ಮಂಕು, ಮಿಣುಕು, ಆಫ್. ಸಭ್ಯಸ್ಥರು ಕತ್ತಲಾದ ಮೇಲೆ ಕಾರು ಓಡಿಸುವುದಿಲ್ಲ ಎಂದು ಸ್ವತಃ ಲ್ಯೂಕಾಸ್ ಹೇಳಿದ್ದರಂತೆ. ತಂತಿಗಳು ಕೆಲಸ ಮಾಡುವುದೇ ಒಳಗಿರುವ ಹೊಗೆಯಿಂದ, ಹೊಗೆ ಹೊರಬಂದರೆ ಕೆಲಸ ನಿಲ್ಲುತ್ತದಂತೆ!

ನಗಲು ಇವು ಚೆನ್ನಾಗಿವೆ. ಆದರೆ ‘ಸಭ್ಯಸ್ಥರ’ ಮಾತನ್ನು ಜೋಸೆಫ್ ಲ್ಯೂಕಾಸ್ ಬಾಯಿಗೆ ಹಾಕುವವರು ಒಂದು ವಿಷಯ ಮರೆಯುತ್ತಾರೆ. ಅವರು ತೀರಿಕೊಂಡದ್ದು 1902ರಲ್ಲಿ, ಕಾರಿಗೆ ವಿದ್ಯುತ್ ಹೆಡ್‌ಲೈಟ್ ಸಾಮಾನ್ಯವಾಗುವ ಎಷ್ಟೋ ಮೊದಲು. ವಿಮಾನಗಳಿಗೂ ಬಿಡಿಭಾಗ ಒದಗಿಸುತ್ತಿದ್ದ ಕಂಪನಿಗೆ ದೀಪ ಉರಿಸಲು ಬರುತ್ತಿರಲಿಲ್ಲ ಎಂಬುದೂ ನಂಬುವ ಮಾತಲ್ಲ.

ಲ್ಯೂಕಾಸ್ ನಮಗೆ ಅಪರಿಚಿತರೂ ಅಲ್ಲ. 1961ರಲ್ಲಿ ಟಿವಿಎಸ್ ಜೊತೆ ಸೇರಿ ಮದ್ರಾಸಿನಲ್ಲಿ ಶುರುವಾದ ಲ್ಯೂಕಾಸ್-ಟಿವಿಎಸ್‌ನ ಹೆಸರು ನಮ್ಮೂರಿನ ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದರೂ ಕಾಣುತ್ತದೆ. ಇನ್ನೊಂದು ನೆಂಟಸ್ತಿಕೆಯೂ ಇದೆ. ಎಂಜಿಬಿಯ 1798 ಸಿಸಿ ಎಂಜಿನ್ ಮತ್ತು ನಮ್ಮ ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಒಂದೇ ಮನೆತನದವು. ಇಂಗ್ಲೆಂಡಿನಲ್ಲಿ ಬಿ-ಸೀರೀಸ್ ಎಂದು ಕರೆಯುತ್ತಿದ್ದ ಎಂಜಿನ್ನಿನ ಅಣ್ಣತಮ್ಮಂದಿರು. ಹಾಗಾಗಿ ಮುಂದೆ ಹೇಳುವುದರಲ್ಲಿ ಬಹುಪಾಲು, ಮನೆಯ ಶೆಡ್ಡಿನಲ್ಲಿ ತಾತನ ಅಂಬಾಸಿಡರ್ ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ.

ಎಂಜಿಬಿ ತಯಾರಾದದ್ದು 1962ರಿಂದ 1980ರವರೆಗೆ, ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ. ಐದು ಲಕ್ಷಕ್ಕೂ ಹೆಚ್ಚು ಕಾರುಗಳು. ಅತಿ ಹೊಸ ಎಂಜಿಬಿಗೂ ಈಗ ನಲವತ್ತೈದು ವರ್ಷ ಹತ್ತಿರವೋ ಮೀರಿಯೋ ಆಗಿದೆ. ಅದರ ತಂತಿಗಳನ್ನು ಒಂದಕ್ಕೊಂದು ಜೋಡಿಸಿರುವುದು ಗುಂಡಿನ ಆಕಾರದ ಪುಟ್ಟ ಲೋಹದ ತುದಿಗಳನ್ನು ರಬ್ಬರ್ ಹೊದಿಕೆಯ ಕೊಳವೆಯೊಳಗೆ ತೂರಿಸಿ. ಹೊಸತರಲ್ಲಿ ಬಿಗಿಯಾಗಿ ಕೂರುತ್ತದೆ. ಐವತ್ತು ವರ್ಷ ಇಂಗ್ಲೆಂಡಿನ ಮಳೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದ ಮೇಲೆ ಅಲ್ಲಿ ಹಸಿರು ಕಿಲುಬು. ಜೊತೆಗೆ ಹಿಂದಿನ ನಾಲ್ಕಾರು ಮಾಲೀಕರು ರೇಡಿಯೋ, ಫಾಗ್ ಲೈಟ್, ಅಲಾರಂ ಎಂದು ಎಲ್ಲೆಂದರಲ್ಲಿ ತಂತಿ ಸೀಳಿ ಟೇಪ್ ಸುತ್ತಿರುತ್ತಾರೆ. ಇದಕ್ಕೆಲ್ಲ ಲ್ಯೂಕಾಸ್ ಏನು ಮಾಡಬೇಕು?

ಒಂದು ಕಿಲುಬಿನ ಲೆಕ್ಕ

ಕೆಟ್ಟ ಜೋಡಣೆ ಎಂದರೆ ಪೂರ್ತಿ ಕಡಿದುಹೋದ ತಂತಿ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾದ ಕಾಟ ಅರ್ಧಂಬರ್ಧ ಕೂಡಿಕೊಂಡ ಜೋಡಣೆಯದು. ಲೆಕ್ಕ ನೋಡಿ. ತಲಾ 60 ವ್ಯಾಟ್‌ನ ಎರಡು ಹೆಡ್‌ಲೈಟ್ ಬಲ್ಬುಗಳಿಗೆ ಒಟ್ಟು ಸುಮಾರು 10 ಆಂಪಿಯರ್ ಕರೆಂಟ್ ಬೇಕು. ದಾರಿಯಲ್ಲಿ ಎಲ್ಲೋ ಕಿಲುಬಿನಿಂದ 0.1 ಓಮ್‌ನಷ್ಟು ತಡೆ ಇದೆ ಎಂದುಕೊಳ್ಳಿ. 10 ಗುಣಿಸು 0.1, ಅಂದರೆ 1 ವೋಲ್ಟ್ ಅಲ್ಲೇ ಕಳೆದುಹೋಯಿತು. 12ರಲ್ಲಿ 1 ಹೋದರೆ ಏನು ಮಹಾ ಎನಿಸಬಹುದು. ಆದರೆ ತಂತಿ ಕಾದು ಉರಿಯುವ ಹಳೆಯ ಬಗೆಯ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುತ್ತದೆ. ವೋಲ್ಟೇಜ್ ಶೇ. 8ರಷ್ಟು ತಗ್ಗಿದರೆ ಬೆಳಕು ಸುಮಾರು ಕಾಲು ಭಾಗ ತಗ್ಗುತ್ತದೆ. ಇನ್ನು ಕಳೆದುಹೋದ ಆ 10 ವ್ಯಾಟ್ ಎಲ್ಲಿಗೆ ಹೋಯಿತು? ಕಡಲೆಕಾಳಿನಷ್ಟು ದೊಡ್ಡ ಆ ಜೋಡಣೆಯನ್ನೇ ಕಾಯಿಸುತ್ತ ಕೂತಿದೆ. ಕಾದಷ್ಟೂ ಕಿಲುಬು ಹೆಚ್ಚು, ಕಿಲುಬು ಹೆಚ್ಚಿದಷ್ಟೂ ಕಾವು ಹೆಚ್ಚು.

ಹೊಸ ಬಲ್ಬು ಹಾಕಿದರೆ ಇದರಲ್ಲಿ ಏನೂ ಬದಲಾಗುವುದಿಲ್ಲ. ಇನ್ನೂ ಹೆಚ್ಚು ವ್ಯಾಟ್‌ನ ಬಲ್ಬು ಹಾಕಿದರೆ ಜೋಡಣೆ ಇನ್ನಷ್ಟು ಕಾಯುತ್ತದೆ, ಅಷ್ಟೆ.

ಸೆಲ್ಫ್ ಮೋಟರ್ ವಿಷಯದಲ್ಲಿ ಇದು ಇನ್ನೂ ಜೋರು. ಎಂಜಿನ್ ತಿರುಗಿಸುವಾಗ ಅದು ನೂರು ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಅಲ್ಲಿ 0.02 ಓಮ್ ತಡೆಯಿದ್ದರೂ ಎರಡು ವೋಲ್ಟ್‌ಗಿಂತ ಹೆಚ್ಚು ಮಾಯ. ಮಲ್ಟಿಮೀಟರ್‌ನ ‘ಬೀಪ್’ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ. ಮೂವತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ನಾವು ‘ತಂತಿ ಸರಿಯಿದೆ’ ಎಂದು ಮುಂದೆ ಹೋಗುತ್ತೇವೆ. ಕೆಲಸದ ಹೊರೆ ಬಿದ್ದಾಗ ಎಷ್ಟು ವೋಲ್ಟೇಜ್ ಕುಸಿಯುತ್ತದೆ ಎಂದು ಅಳೆಯಬೇಕು. ಹಳೆಯ ಕಾರಿನ ವಿದ್ಯುತ್ ತೊಂದರೆಗೆ ಇದಕ್ಕಿಂತ ದೊಡ್ಡ ವಿದ್ಯೆ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಒಂದು ಪಟ್ಟಿ, ಮೂರು ರೋಗ

ಕಾರಿನಲ್ಲಿ ಪ್ರತಿ ದೀಪಕ್ಕೂ ಎರಡು ತಂತಿ ಎಳೆದಿರುವುದಿಲ್ಲ. ಹೋಗುವ ದಾರಿ ತಂತಿ, ಮರಳುವ ದಾರಿ ಕಾರಿನ ಲೋಹದ ಮೈ. ಇದೇ ಅರ್ಥಿಂಗ್. ಎಂಜಿನ್ ಮಾತ್ರ ಕೂತಿರುವುದು ರಬ್ಬರ್ ಮೇಲೆ, ಅಂದರೆ ಅದು ಕಾರಿನ ಮೈಯಿಂದ ವಿದ್ಯುತ್ ಲೆಕ್ಕದಲ್ಲಿ ಬೇರೆ. ಅವೆರಡನ್ನೂ ಸೇರಿಸಲು ಒಂದು ದಪ್ಪ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಕೊಳೆ, ಎಣ್ಣೆ, ಕೆಸರು ಎಲ್ಲ ಬೀಳುವ ಜಾಗದಲ್ಲಿ, ಯಾರ ಕಣ್ಣಿಗೂ ಬೀಳದೆ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸಕ್ಕೆ ಬಿಚ್ಚಿದವರು ಮತ್ತೆ ಹಾಕಲು ಮರೆಯುವುದೂ ಉಂಟು.

ಓದುಗರ ಕಾರಿನಲ್ಲಿ ಪಟ್ಟಿ ಇತ್ತು, ನಾಲ್ಕೈದು ಎಳೆಗಳಲ್ಲಿ ನೇತಾಡುತ್ತಿತ್ತು. ಸೆಲ್ಫ್ ಮೋಟರ್‌ಗೆ ಬೇಕಾದ ಕರೆಂಟು ಆ ದಾರಿಯಲ್ಲಿ ಸಾಲದೆ, ಎಂಜಿನ್ನಿಗೂ ಕಾರಿನ ಮೈಗೂ ತಗುಲಿಕೊಂಡಿರುವ ಬೇರೆ ಲೋಹದ ದಾರಿ ಹುಡುಕಿಕೊಂಡಿತು. ಸಿಕ್ಕಿದ್ದು ಚೋಕ್ ಕೇಬಲ್. ಸೈಕಲ್ ಬ್ರೇಕ್ ತಂತಿಯಷ್ಟು ತೆಳ್ಳಗಿನ ಕೇಬಲ್ ಮೇಲೆ ಆ ಹೊರೆ ಬಿದ್ದರೆ ಬಿಸಿಯಾಗದೆ ಇನ್ನೇನು? ಹೊದಿಕೆ ಕರಗಿ ಹೊಗೆ ಬಂದ ಕಾರುಗಳೂ ಇವೆ.

ಪರೀಕ್ಷೆ ಹೀಗೆ. ಎಂಜಿನ್ ಚಾಲೂ ಆಗದಂತೆ ಕಾಯಿಲ್‌ನ ಬಿಳಿ ತಂತಿ ಬಿಚ್ಚಿ ಪಕ್ಕಕ್ಕೆ ಸುತ್ತಿಡಿ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಒಂದು ತುದಿ ಬ್ಯಾಟರಿಯ ಅರ್ಥಿಂಗ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ. ಇನ್ನೊಬ್ಬರು ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ನಮ್ಮ ಓದುಗರ ಮೀಟರ್ 2.8 ತೋರಿಸಿತು.

ಹೊಸ ಪಟ್ಟಿ ಹಾಕಿ, ಎರಡೂ ತುದಿಯ ಬಣ್ಣ ಕೆರೆದು ಬಿಗಿದರು. ಸೆಲ್ಫ್ ಚುರುಕಾಯಿತು, ಚೋಕ್ ಕೇಬಲ್ ತಣ್ಣಗಾಯಿತು, ಹೆಡ್‌ಲೈಟೂ ಬೆಳಗಿತು. ಹೆಡ್‌ಲೈಟಿಗೂ ಎಂಜಿನ್ನಿನ ಪಟ್ಟಿಗೂ ಏನು ಸಂಬಂಧ ಎನ್ನುತ್ತೀರಾ? ಆಲ್ಟರ್ನೇಟರ್ ಕೂತಿರುವುದು ಎಂಜಿನ್ ಮೇಲೆ. ಅದು ಕೊಡುವ ಕರೆಂಟು ದೀಪದಿಂದ ಮರಳಿ ಎಂಜಿನ್ನಿಗೆ ಬರಬೇಕಾದ್ದೂ ಅದೇ ಪಟ್ಟಿಯ ಮೂಲಕ. ಅಂದರೆ ಅವರು ಅನುಮಾನ ಪಟ್ಟ ಆಲ್ಟರ್ನೇಟರ್ ಮೊದಲು ಸರಿಯಾಗಿಯೇ ಇತ್ತು. ಕೆಟ್ಟದ್ದು ಫಾರ್ವರ್ಡ್ ನೋಡಿ ಪರೀಕ್ಷೆ ಮಾಡಿದ ದಿನ.

ಅರ್ಥಿಂಗ್ ಕೆಟ್ಟಿದೆ ಎಂದು ಮೀಟರಿಲ್ಲದೆ ತಿಳಿಯುವ ಒಂದು ಸೂಚನೆಯನ್ನು ಬೇಕಾದರೆ ಶೇರ್ ಮಾಡಿ. ಬಲಗಡೆ ಇಂಡಿಕೇಟರ್ ಹಾಕಿದರೆ ಅದರ ಪಕ್ಕದ ಟೈಲ್ ಲ್ಯಾಂಪೂ ಜೊತೆಗೆ ಮಿಟುಕುತ್ತದೆಯೇ? ಬ್ರೇಕ್ ತುಳಿದರೆ ಯಾವುದೋ ಸಂಬಂಧವಿಲ್ಲದ ದೀಪ ಮಂಕಾಗುತ್ತದೆಯೇ? ಆ ದೀಪದ ಅರ್ಥಿಂಗ್ ಕಡಿದಿದೆ, ಕರೆಂಟು ಪಕ್ಕದ ಬಲ್ಬಿನೊಳಗೆ ತೂರಿ ಮನೆಗೆ ಮರಳುತ್ತಿದೆ.

ಕಾರ್ಬೊರೇಟರ್ ಮೇಲೆ ಸುಮ್ಮನೆ ಅಪವಾದ

ಕೆಮ್ಮು ಮಾತ್ರ ಉಳಿಯಿತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ, ಮತ್ತೆ ಒತ್ತಿದಾಗ ಎಂಜಿನ್ ಒಂದು ಕ್ಷಣ ಸತ್ತು ಬದುಕುತ್ತಿತ್ತು. ಪೆಟ್ರೋಲ್ ಸಾಲದೆ ಹೀಗಾಗುತ್ತಿದೆ ಎಂದು ಯಾರಿಗಾದರೂ ಅನ್ನಿಸುವಂಥದ್ದೇ.

ಎಂಜಿಬಿಯ ಪೆಟ್ರೋಲ್ ಪಂಪ್ ವಿದ್ಯುತ್ತಿನದು, ಕಾರಿನ ಹಿಂಭಾಗದಲ್ಲಿದೆ. ಕೀಲಿ ತಿರುಗಿಸಿದಾಗ ‘ಟಿಕ್ ಟಿಕ್ ಟಿಕ್’ ಎಂದು ಸದ್ದು ಮಾಡಿ, ಕಾರ್ಬೊರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ನಿಲ್ಲದೆ ಬಡಬಡ ಬಡಿದುಕೊಳ್ಳುತ್ತಿದ್ದರೆ ಪೆಟ್ರೋಲ್ ಇಲ್ಲ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಸದ್ದೇ ಇಲ್ಲದಿದ್ದರೆ ಅದರೊಳಗಿನ ಪಾಯಿಂಟ್ ಸುಟ್ಟಿರಬಹುದು, ತಂತಿ ಅಥವಾ ಅರ್ಥಿಂಗ್ ಬಿಟ್ಟಿರಬಹುದು. ಸತ್ತ ಪಂಪಿಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಮತ್ತೆ ಟಿಕ್ ಎನ್ನುತ್ತದೆ ಎಂಬುದು ಕಟ್ಟುಕತೆಯಲ್ಲ, ಅಂಟಿಕೊಂಡ ಪಾಯಿಂಟ್ ಬಿಡಿಸಿಕೊಳ್ಳುತ್ತದೆ. ಆದರೆ ಅದು ಮನೆಗೆ ತಲುಪಲು ಮಾತ್ರ. ಇವರ ಪಂಪ್ ಸರಿಯಾಗಿತ್ತು. ಎರಡು ಎಸ್‌ಯು ಕಾರ್ಬೊರೇಟರ್‌ಗಳ ಪಿಸ್ಟನ್ ಬೆರಳಿನಿಂದ ಎತ್ತಿ ಬಿಟ್ಟರೆ ‘ಟಪ್’ ಎಂದು ಕೆಳಗೆ ಬೀಳುತ್ತಿದ್ದವು, ಮೇಲಿನ ಡ್ಯಾಶ್‌ಪಾಟ್‌ನಲ್ಲಿ ಎಣ್ಣೆಯೂ ಇತ್ತು. ಪೆಟ್ರೋಲ್ ಕಡೆಯಿಂದ ದೂರು ಇಲ್ಲ.

ಕೊನೆಗೆ ಸಿಕ್ಕಿದ್ದು ಡಿಸ್ಟ್ರಿಬ್ಯೂಟರ್ ಒಳಗೆ, ಎರಡು ಇಂಚಿನ ಒಂದು ತಂತಿ. ಎಂಜಿನ್ನಿನ ಹೊರೆಗೆ ತಕ್ಕಂತೆ ಕಿಡಿಯ ಸಮಯ ಹಿಂದುಮುಂದು ಮಾಡಲು ಡಿಸ್ಟ್ರಿಬ್ಯೂಟರ್‌ನ ಒಳತಟ್ಟೆ ಸ್ವಲ್ಪ ತಿರುಗುತ್ತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಎಂಜಿನ್ನಿನ ಗಾಳಿಯೆಳೆತ ಬದಲಾಗಿ ತಟ್ಟೆ ಕದಲುತ್ತದೆ, ಪಾಯಿಂಟ್‌ಗೆ ಬರುವ ತಂತಿಯೂ ಪ್ರತಿ ಸಲ ಬಾಗುತ್ತದೆ. ಲಕ್ಷಾಂತರ ಸಲ ಬಾಗಿ ಹೊದಿಕೆಯೊಳಗೇ ಎಳೆಗಳು ತುಂಡಾಗಿದ್ದವು. ಹೊರಗೆ ನೋಡಿದರೆ ತಂತಿ ಸಲೀಸು. ಕಾಲು ಕದಲಿಸಿದಾಗ ಮಾತ್ರ ಸಂಪರ್ಕ ತಪ್ಪಿ ಕಿಡಿ ನಿಲ್ಲುತ್ತಿತ್ತು. ಕಾಲಿನ ಜೊತೆ ಬರುವ ರೋಗ, ಹಾಗಾಗಿ ಬೈಗುಳವೆಲ್ಲ ಕಾರ್ಬೊರೇಟರ್‌ಗೆ.

ಅದೇ ಜಾಗದಲ್ಲಿ ಇನ್ನಷ್ಟು ನೋಡಲಿಕ್ಕಿದೆ. ಪಾಯಿಂಟ್‌ಗಳ ನಡುವಿನ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಪಾಯಿಂಟ್ ಬೇಗ ಬೇಗ ಸುಡುತ್ತಿದ್ದರೆ ಕಂಡೆನ್ಸರ್ ನೋಡಿ. ರೋಟರ್ ಕೂದಲೆಳೆಯಷ್ಟು ಬಿರಿದಿದ್ದರೂ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಕೆಳಗಿನ ಕಂಬಿಗೆ ಹಾರುತ್ತದೆ. ಕಾಯಿಲ್ ಬದಲಿಸುವವರು ಇನ್ನೊಂದು ಎಚ್ಚರ ವಹಿಸಬೇಕು. 1970ರ ದಶಕದ ಮಧ್ಯದಿಂದ ಈಚಿನ ಎಂಜಿಬಿಗಳಲ್ಲಿ ಕಾಯಿಲ್‌ಗೆ ಮೊದಲೇ ತಡೆಯಿರುವ ತಂತಿ ಹಾಕಿ, ಸುಮಾರು 1.5 ಓಮ್‌ನ ಕಾಯಿಲ್ ಇಟ್ಟಿರುತ್ತಾರೆ. ಹಿಂದಿನ ಕಾರುಗಳ ಕಾಯಿಲ್ ಸುಮಾರು 3 ಓಮ್. ನೋಡಲು ಎರಡೂ ಒಂದೇ ಥರ. 1.5ರದ್ದನ್ನು ಹಿಂದಿನ ಕಾರಿಗೆ ಹಾಕಿದರೆ ಮುಟ್ಟಲಾಗದಷ್ಟು ಕಾಯುತ್ತದೆ, ಪಾಯಿಂಟೂ ಸುಡುತ್ತದೆ. ಕೊಳ್ಳುವ ಮೊದಲು ಮೀಟರಿನಲ್ಲಿ ಅಳೆಯಿರಿ.

ಫ್ಯೂಸಿಗೆ ಸಿಗರೇಟು ಪ್ಯಾಕಿನ ಹಾಳೆ

ಇದು ನಮ್ಮ ಊರುಗಳಲ್ಲೂ ಇರುವ ಅಭ್ಯಾಸ. ಫ್ಯೂಸ್ ಹೋದರೆ ಬೆಳ್ಳಿಬಣ್ಣದ ಹಾಳೆ ಸುತ್ತಿ ತುರುಕುವುದು, ಅಥವಾ ಪದೇ ಪದೇ ಹೋಗುತ್ತದೆಂದು ದಪ್ಪದ್ದು ಹಾಕುವುದು. ಹಳೆಯ ಬ್ರಿಟಿಷ್ ಕಾರಿನಲ್ಲಿ ದಪ್ಪದ್ದು ಗೊತ್ತಿಲ್ಲದೆಯೂ ಬಂದು ಕೂರುತ್ತದೆ. ಲ್ಯೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ, 35 ಆಂಪಿಯರ್‌ಗೆ ಅದು ಸುಟ್ಟುಹೋಗುತ್ತದೆ ಎಂದು ಅರ್ಥ. ನಿರಂತರವಾಗಿ ತಡೆದುಕೊಳ್ಳುವುದು 17 ಮಾತ್ರ. ಬೇರೆ ಪದ್ಧತಿಯ ಫ್ಯೂಸುಗಳ ಮೇಲೆ ಬರೆಯುವುದು ಅವು ತಡೆದುಕೊಳ್ಳುವ ಅಂಕಿಯನ್ನು. ಅಂಥ ‘35’ ತಂದು ಹಾಕಿದರೆ, ಫ್ಯೂಸ್ ಕರಗುವ ಮೊದಲು ತಂತಿ ಕರಗಬಹುದು.

ಫ್ಯೂಸೇ ಇಲ್ಲದ ತಂತಿಗಳೂ ಈ ಕಾರಿನಲ್ಲಿವೆ. ಬಣ್ಣ ನೋಡಿ ತಿಳಿಯಬಹುದು. ಕಂದು ತಂತಿ ಎಂದರೆ ಕೀಲಿ ತೆಗೆದರೂ ಸದಾ ಕರೆಂಟಿರುವ ತಂತಿ, ಫ್ಯೂಸಿಲ್ಲ. ಬಿಳಿ ಎಂದರೆ ಕೀಲಿ ತಿರುಗಿಸಿದಾಗ ಬರುವುದು, ಅದಕ್ಕೂ ಇಲ್ಲ. ನೀಲಿ ಹೆಡ್‌ಲೈಟಿನದು, ಅದಕ್ಕೂ ಇಲ್ಲ. ಹಸಿರು ಮತ್ತು ನೇರಳೆಗೆ ಫ್ಯೂಸ್ ಉಂಟು. ಕಪ್ಪು ಅರ್ಥಿಂಗ್. ಕಂದು ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿದರೆ ನಿಲ್ಲಿಸುವವರು ಯಾರೂ ಇಲ್ಲ. ನಮ್ಮ ಓದುಗರ ಕಾರಿನಲ್ಲಿ ರೇಡಿಯೋಗೆಂದು ಯಾರೋ ಹಿಂದೆ ಕಂದು ತಂತಿಯಿಂದಲೇ ಸೀಳಿ ಎಳೆದಿದ್ದ ಒಂದು ಎಳೆ ಡ್ಯಾಶ್‌ಬೋರ್ಡ್ ಹಿಂದೆ ಬರಿಮೈಯಲ್ಲಿ ನೇತಾಡುತ್ತಿತ್ತು.

1967ಕ್ಕೂ ಹಿಂದಿನ ಎಂಜಿಬಿ ಆದರೆ ಇನ್ನೊಂದು ಬಲೆ ಇದೆ. ಅವುಗಳಲ್ಲಿ ಕಾರಿನ ಮೈಗೆ ಜೋಡಿಸಿರುವುದು ಬ್ಯಾಟರಿಯ ಪ್ಲಸ್ ಕಂಬ. ಬ್ಯಾಟರಿ ಬದಲಿಸಲು ಬಂದವರು ಎಲ್ಲ ಕಾರಿನಂತೆ ಮೈನಸ್ ಎಂದುಕೊಂಡು ಹಾಕಿದರೆ, ಯಾರಾದರೂ ಆಮೇಲೆ ಸೇರಿಸಿರುವ ರೇಡಿಯೋ, ಎಲೆಕ್ಟ್ರಾನಿಕ್ ಇಗ್ನಿಷನ್ ಎಲ್ಲ ಕ್ಷಣದಲ್ಲಿ ಹಾಳು. ಬೇರೆ ಕಾರಿನಿಂದ ಜಂಪ್ ಕೇಬಲ್ ಹಾಕುವಾಗಲೂ ಎರಡು ಕಾರಿನ ಮೈ ಒಂದಕ್ಕೊಂದು ತಗುಲಬಾರದು. ಬ್ಯಾಟರಿ ಹುಡುಕಲು ಬಾನೆಟ್ ತೆಗೆದರೆ ಅಲ್ಲಿ ಇರುವುದೂ ಇಲ್ಲ. 1974ರವರೆಗಿನ ಎಂಜಿಬಿಗಳಲ್ಲಿ 6 ವೋಲ್ಟ್‌ನ ಎರಡು ಬ್ಯಾಟರಿಗಳು ಸೀಟಿನ ಹಿಂದೆ, ನೆಲದ ಮುಚ್ಚಳದ ಕೆಳಗೆ, ಹಿಂದಿನ ಚಕ್ರಗಳು ಎರಚುವ ನೀರಿನ ನೆರೆಯಲ್ಲಿ ಕೂತಿರುತ್ತವೆ. ಅವೆರಡನ್ನು ಸೇರಿಸುವ ತುಂಡು ಕೇಬಲ್‌ನ ತುದಿಗಳಲ್ಲೂ ಕಿಲುಬು ನೋಡಬೇಕು.

ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಕಾರು ಸುಸ್ಥಿತಿಯಲ್ಲಿ ಇರಬೇಕೆಂಬ ಹೊಣೆ ಮಾತ್ರ ಮಾಲೀಕರ ಮೇಲೆ ಹಾಗೇ ಇದೆ. ನೇತಾಡುವ ಕಂದು ಎಳೆಯನ್ನು ವರ್ಷಕ್ಕೊಮ್ಮೆಯಾದರೂ ಇನ್ನೊಬ್ಬರು ನೋಡುವ ಅವಕಾಶ ತಪ್ಪಿದೆ ಎಂದೇ ಲೆಕ್ಕ. ನಮ್ಮ ಓದುಗರು ಆ ಎಳೆ ತೆಗೆಸಿದರು. ಬ್ಯಾಟರಿಯ ಅರ್ಥಿಂಗ್ ಕೇಬಲ್‌ಗೆ ಕೈಯಿಂದ ತಿರುಗಿಸಿ ಸಂಪರ್ಕ ಕಡಿಯುವ ಸ್ವಿಚ್ ಕೂಡಿಸಿದ್ದಾರೆ. ಕಾರು ನಿಲ್ಲಿಸಿ ಎಂಜಿನ್ ಆಫ್ ಆದ ಮೇಲೆ ಅದನ್ನು ತಿರುಗಿಸಿ ಹೋಗುತ್ತಾರೆ. ಎಂಜಿನ್ ಓಡುವಾಗ ತಿರುಗಿಸಿದರೆ ವಿಡಿಯೋದಲ್ಲಿ ತೋರಿಸಿದ್ದನ್ನೇ ಇನ್ನೊಮ್ಮೆ ಮಾಡಿದಂತೆ ಎಂದು ನಾವು ನೆನಪಿಸಿದೆವು. ‘ಗೊತ್ತಾಯ್ತು, ಆಲ್ಟರ್ನೇಟರ್ ಬಿಲ್ಲು ಫ್ರಿಜ್ ಮೇಲೆ ಅಂಟಿಸಿದೀನಿ’ ಎಂದು ಉತ್ತರ ಬಂತು.